ಅನುಭವ ಇಲ್ಲದವರಿಗೆ ಮೊದಲ ಕೆಲಸ ಯಾರು ಕೊಡುತ್ತಾರೆ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯವಳು. 2024ರಲ್ಲಿ ಬಿ.ಕಾಂ. ಮುಗಿಸಿದೆ, ಶೇ 74 ಅಂಕ ಇದೆ. ಏಳು ತಿಂಗಳಿಂದ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದೇನೆ. ನೌಕ್ರಿ, ಲಿಂಕ್ಡ್‌ಇನ್ ಎಲ್ಲ ಸೇರಿ 200ಕ್ಕೂ ಜಾಸ್ತಿ ಕಡೆ ಅರ್ಜಿ ಹಾಕಿದ್ದೇನೆ. ಇಂಟರ್‌ವ್ಯೂಗೆ ಕರೆದಿದ್ದು ಐದೇ ಕಡೆ. ಎಲ್ಲ ಕಡೆ ಒಂದೇ ಮಾತು, ‘ಅನುಭವ ಇಲ್ವಲ್ಲಮ್ಮ’ ಅಂತ. ಕೆಲಸ ಕೊಡದೆ ಅನುಭವ ಎಲ್ಲಿಂದ ತರಲಿ? ಒಂದು ಕನ್ಸಲ್ಟೆನ್ಸಿಯವರು 15,000 ರೂಪಾಯಿ ಕಟ್ಟಿದರೆ ಎಂಎನ್‌ಸಿಗೆ ಸೇರಿಸುತ್ತೇವೆ ಅನ್ನುತ್ತಿದ್ದಾರೆ. ಕಟ್ಟಲಾ? ಇಲ್ಲಾ ಊರಿಗೆ ಹೋಗಿ ಎಂ.ಕಾಂ. ಸೇರಲಾ? ಧಾರವಾಡಕ್ಕೆ ಹೋಗಿ ಸರ್ಕಾರಿ ಪರೀಕ್ಷೆಗೆ ಓದಲಾ? ಅಪ್ಪ ಮೆಕ್ಕೆಜೋಳ ಬೆಳೆಯುವ ರೈತರು. ದಿನಾ ಸಂಜೆ ಫೋನ್ ಮಾಡಿ ‘ಊಟ ಆಯ್ತಾ’ ಅಂತ ಮಾತ್ರ ಕೇಳುತ್ತಾರೆ. ಕೆಲಸದ ಮಾತು ಎತ್ತುವುದೇ ಇಲ್ಲ. ನನಗೆ ಅದೇ ಜಾಸ್ತಿ ಕಷ್ಟ ಆಗುತ್ತಿದೆ.

ಉತ್ತರ: ಮೊದಲು ಆ 15,000 ರೂಪಾಯಿ ವಿಷಯ ಮುಗಿಸಿಬಿಡೋಣ. ಕೊಡಬೇಡಿ. ಜನ ಬೇಕಾದಾಗ ಕಂಪನಿಗಳೇ ಕನ್ಸಲ್ಟೆನ್ಸಿಗೆ ದುಡ್ಡು ಕೊಡುತ್ತವೆ. ಕೆಲಸ ಹುಡುಕುವವರ ಹತ್ತಿರ ಕೈಯೊಡ್ಡುವ ಪದ್ಧತಿ ನೆಟ್ಟಗಿರುವ ಜಾಗದಲ್ಲಿ ಇಲ್ಲ. ಆ ದುಡ್ಡಿಗೆ ಏನೇನೋ ಹೆಸರು ಇಡುತ್ತಾರೆ. ರಿಜಿಸ್ಟ್ರೇಷನ್ ಅನ್ನುತ್ತಾರೆ, ಟ್ರೈನಿಂಗ್ ಫೀಸ್ ಅನ್ನುತ್ತಾರೆ, ಲ್ಯಾಪ್‌ಟಾಪ್ ಡೆಪಾಸಿಟ್, ಆಮೇಲೆ ವಾಪಸ್ ಬರುತ್ತೆ ಅನ್ನುತ್ತಾರೆ. ‘ಇವತ್ತು ಸಂಜೆಯೊಳಗೆ ಕಟ್ಟಿ, ಎರಡೇ ಸೀಟು ಉಳಿದಿದೆ’ ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಆಫರ್ ಲೆಟರ್ ತೋರಿಸಿದರೆ ಅದು ಯಾವ ಮೇಲ್ ಐಡಿಯಿಂದ ಬಂದಿದೆ ನೋಡಿ. ದೊಡ್ಡ ಕಂಪನಿಗಳು ಜಿಮೇಲ್‌ನಿಂದ ಆಫರ್ ಕಳಿಸುವುದಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಟ್ಟು ಬರಬೇಡಿ, ನೋಡಲಿ, ಜೆರಾಕ್ಸ್ ಇಟ್ಟುಕೊಳ್ಳಲಿ, ಒರಿಜಿನಲ್ ನಿಮ್ಮ ಜೊತೆಗೇ ವಾಪಸ್ ಬರಲಿ. ಒಂದು ವೇಳೆ ಈಗಾಗಲೇ ಆನ್‌ಲೈನಲ್ಲಿ ಸ್ವಲ್ಪ ಕಟ್ಟಿದ್ದೀರಿ ಅಂದರೆ ನಾಚಿಕೆ ಪಡಬೇಡಿ. ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಾನು ಪೀಣ್ಯದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷದ ಮೇಲೆ ಅಕೌಂಟ್ಸ್ ವಿಭಾಗ ನೋಡಿಕೊಂಡವನು. ನಿಮ್ಮಂಥ ಎಷ್ಟೋ ಮಕ್ಕಳ ಇಂಟರ್‌ವ್ಯೂ ಮಾಡಿದ್ದೇನೆ. ಮೇಜಿನ ಆ ಕಡೆ ಕೂತವರು ‘ಅನುಭವ ಬೇಕು’ ಅಂದಾಗ ಅವರ ಮನಸ್ಸಿನಲ್ಲಿ ಏನಿರುತ್ತೆ ಅಂತ ಹೇಳುತ್ತೇನೆ. ಪಕ್ಕದಲ್ಲಿ ಕೂತು ಹೇಳಿಕೊಡೋಕೆ ನಮ್ಮಲ್ಲಿ ಜನ ಇಲ್ಲ ಅನ್ನೋದೇ ಅದರ ಅರ್ಥ. ಮೂರು ಜನ ಮಾಡುವ ಕೆಲಸವನ್ನು ಇಬ್ಬರು ಮಾಡುತ್ತಿರುತ್ತಾರೆ. ಹೊಸಬರು ಬಂದರೆ ಅವರಲ್ಲಿ ಒಬ್ಬರು ಎರಡು ತಿಂಗಳು ಮೇಷ್ಟ್ರಾಗಬೇಕು. ಆ ಭಯ ಅವರಿಗೆ. ನಿಮಗೆ ಎರಡು ವರ್ಷದ ಸರ್ವಿಸ್ ಆಗಿದೆಯಾ ಅನ್ನೋದಕ್ಕಿಂತ, ಒಂದೇ ಒಂದು ಕೆಲಸವನ್ನಾದರೂ ಪದೇ ಪದೇ ಕೇಳದೆ ಮಾಡಿ ಮುಗಿಸುತ್ತೀರಾ ಅನ್ನೋದು ಅವರಿಗೆ ಮುಖ್ಯ. ಅಷ್ಟನ್ನು ಕೆಲಸಕ್ಕೆ ಸೇರುವ ಮೊದಲೇ ಕಲಿತು ತೋರಿಸಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಒಂದೇ ದಿನ ಆರು ಜನ ಬಂದಿದ್ದರು. ಎಲ್ಲರೂ ಬಿ.ಕಾಂ., ಇಬ್ಬರಿಗೆ ಶೇ 85ರ ಮೇಲೆ. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಎಲ್ಲರೂ ಬಾಯಿಪಾಠ ಮಾಡಿದ ಇಂಗ್ಲಿಷ್ ಒಪ್ಪಿಸಿದರು. ಅದನ್ನು ಬಿಟ್ಟು ನಾನು ಒಬ್ಬೊಬ್ಬರ ಮುಂದೆಯೂ ಹತ್ತು ಖರೀದಿ ಬಿಲ್ ಇಟ್ಟೆ. ‘ಇವನ್ನು ಎಂಟ್ರಿ ಮಾಡಬೇಕು, ಮೊದಲು ಒಂದು ಸಲ ನೋಡಿ’ ಅಂದೆ. ಐದು ಜನ ಬಿಲ್ ತಿರುಗಿಸಿ ನೋಡಿ ‘ಓಕೆ ಸರ್’ ಅಂದರು. ಆರನೆಯ ಹುಡುಗಿ ತುಮಕೂರು ಕಡೆಯವಳು, ಅಂಕ ಶೇ 61. ಏಳನೇ ಬಿಲ್‌ಗೆ ಬಂದು ನಿಂತಳು. ‘ಸರ್, ಇವರ ಜಿಎಸ್‌ಟಿ ನಂಬರ್ 33ರಿಂದ ಶುರುವಾಗುತ್ತೆ. ತಮಿಳುನಾಡಿನ ಪಾರ್ಟಿ. ನಮಗೆ ಮಾಲು ಕಳಿಸಿದ್ದಾರೆ, ಐಜಿಎಸ್‌ಟಿ ಹಾಕಬೇಕಿತ್ತು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದಾರೆ. ಇದನ್ನು ಎಂಟ್ರಿ ಮಾಡಲಾ, ಪಾರ್ಟಿಗೆ ವಾಪಸ್ ಕಳಿಸಲಾ?’ ಅಂತ ಕೇಳಿದಳು. ಬೇರೆ ರಾಜ್ಯದಿಂದ ಮಾಲು ಬಂದರೆ ಐಜಿಎಸ್‌ಟಿ, ಒಂದೇ ರಾಜ್ಯದೊಳಗಾದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಬೇಕು. ಹೊಸೂರಿನ ಸಪ್ಲೈಯರ್ ಒಬ್ಬರು ಮಾಡಿದ ತಪ್ಪು ಅದು. ನಾನು ಬೇಕಂತಲೇ ಆ ಬಿಲ್ ಕಟ್ಟಿನೊಳಗೆ ಸೇರಿಸಿದ್ದೆ. ಅವತ್ತೇ ಅವಳನ್ನು ತೆಗೆದುಕೊಂಡೆವು. ಅವಳಿಗೆ ಒಂದು ದಿನದ ಅನುಭವವೂ ಇರಲಿಲ್ಲ. ಊರಿನ ಗೊಬ್ಬರದ ಅಂಗಡಿಯವರ ಬಿಲ್‌ಗಳನ್ನು ಮೂರು ತಿಂಗಳು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹಾಕಿ ಹಾಕಿ ಕಲಿತಿದ್ದಳು, ಅಷ್ಟೇ.

ನೀವೂ ಅದನ್ನೇ ಮಾಡಬೇಕು ಅಂತ ನನ್ನ ಸಲಹೆ. ಸರ್ಟಿಫಿಕೇಟ್ ಕೋರ್ಸ್‌ಗೆ ಮತ್ತೆ 20,000 ಕಟ್ಟಬೇಡಿ. ಟ್ಯಾಲಿ ಪ್ರೈಮ್ ಅನ್ನು ಎಜುಕೇಷನಲ್ ಮೋಡ್‌ನಲ್ಲಿ ಪುಕ್ಕಟೆಯಾಗಿ ಬಳಸಬಹುದು. ಅದು ತಿಂಗಳ ಎಲ್ಲ ತಾರೀಕಿಗೂ ಎಂಟ್ರಿ ಹಾಕಲು ಬಿಡುವುದಿಲ್ಲ, 1, 2ರಂಥ ಕೆಲವೇ ತಾರೀಕಿಗೆ ಬಿಡುತ್ತೆ. ಕಲಿಯೋಕೆ ಅಷ್ಟು ಸಾಕು. ಪಿ.ಜಿ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರನ್ನೋ, ಎಲೆಕ್ಟ್ರಿಕಲ್ ಅಂಗಡಿಯವರನ್ನೋ ಕೇಳಿ ಒಂದು ತಿಂಗಳ ಬಿಲ್ ನೋಡಲು ಪಡೆಯಿರಿ. ‘ನಿಮ್ಮ ಲೆಕ್ಕ ಒಂದು ಸಲ ತಾಳೆ ನೋಡಿಕೊಡ್ತೀನಿ, ದುಡ್ಡು ಬೇಡ’ ಅಂದರೆ ಹತ್ತರಲ್ಲಿ ಇಬ್ಬರಾದರೂ ಹೂಂ ಅನ್ನುತ್ತಾರೆ. ಖರೀದಿ, ಮಾರಾಟ ಎಲ್ಲ ಎಂಟ್ರಿ ಮಾಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಪುಸ್ತಕದ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಎಲ್ಲಿ ವ್ಯತ್ಯಾಸ ಬಂತು ಅಂತ ಸಾಲು ಸಾಲಾಗಿ ಹುಡುಕಿ. ಕಾಲೇಜಿನಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಹತ್ತು ಅಂಕಕ್ಕೆ ಬರೆದಿದ್ದೀರಲ್ಲ, ಅದೇ ಇದು. ಆದರೆ ಪುಸ್ತಕದಲ್ಲಿ ವ್ಯತ್ಯಾಸ ಯಾವಾಗಲೂ ತಾಳೆಯಾಗುತ್ತೆ. ಅಂಗಡಿಯಲ್ಲಿ 118 ರೂಪಾಯಿಗೆ ಅರ್ಧ ದಿನ ಹೋಗುತ್ತೆ. ಆ ಅರ್ಧ ದಿನ ಕಲಿಸುವುದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಅಕೌಂಟ್ಸ್ ಆಫೀಸಿನ ತಿಂಗಳು ಹೇಗೆ ಓಡುತ್ತೆ ಅನ್ನೋದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. 7ನೇ ತಾರೀಕಿಗೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ ಕಟ್ಟಬೇಕು. 11ಕ್ಕೆ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1. 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಅನ್ನುವ ಪಟ್ಟಿ ಬರುತ್ತೆ, ನಮಗೆ ಮಾಲು ಕೊಟ್ಟವರು ತಮ್ಮ ಬಿಲ್ ತೋರಿಸಿದ್ದಾರಾ ಇಲ್ಲವಾ ಅಂತ ಅದರಲ್ಲಿ ಗೊತ್ತಾಗುತ್ತೆ. ಅವರು ತೋರಿಸಿಲ್ಲ ಅಂದರೆ ನಮಗೆ ತೆರಿಗೆ ಕ್ರೆಡಿಟ್ ಸಿಗಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವುದರಲ್ಲಿ ಕಳೆಯಲು ಆಗಲ್ಲ, ಫೋನ್ ಮಾಡಿ ಮಾಡಿ ಬಿಡದೆ ಕೇಳಬೇಕು. 15ಕ್ಕೆ ನೌಕರರ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಆರೋಗ್ಯ ವಿಮೆ). 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿ ಲೆಕ್ಕ ಹಾಕಿ ದುಡ್ಡು ಕಟ್ಟುವ ರಿಟರ್ನ್. ಇಂಟರ್‌ವ್ಯೂನಲ್ಲಿ ಈ ತಾರೀಕುಗಳನ್ನು ತಡವರಿಸದೆ ಹೇಳುವ ಫ್ರೆಶರ್ ಅಪರೂಪ. ಹೇಳಿದರೆ ಕೇಳುವವರ ಮುಖ ಬದಲಾಗುತ್ತೆ, ನಾನೇ ನೋಡಿದ್ದೇನೆ.

ಈ ತಾರೀಕುಗಳಿಂದ ಇನ್ನೊಂದು ಉಪಯೋಗ ಇದೆ. 5ರಿಂದ 20ರವರೆಗೆ ಅಕೌಂಟ್ಸ್‌ನವರಿಗೆ ತಲೆ ಎತ್ತೋಕೆ ಪುರಸೊತ್ತು ಇರುವುದಿಲ್ಲ. ಆಗ ರೆಸ್ಯೂಮೆ ಹಿಡಿದು ಹೋದರೆ ‘ಇಟ್ಟು ಹೋಗಿ’ ಅನ್ನುತ್ತಾರೆ, ಅದು ಹಾಗೇ ಫೈಲ್ ಕೆಳಗೆ ಸೇರುತ್ತೆ. 21ರ ನಂತರ ಹೋಗಿ. ಮಧ್ಯಾಹ್ನ ಊಟ ಆದ ಮೇಲೆ, ಮೂರು ಗಂಟೆ ಹೊತ್ತಿಗೆ ಹೋಗಿ. ಆಗ ಐದು ನಿಮಿಷ ಮಾತಾಡುತ್ತಾರೆ.

ಎಲ್ಲಿಗೆ ಹೋಗಬೇಕು ಅಂತೀರಾ? ನಿಮ್ಮ 200 ಅರ್ಜಿಗಳೂ ಹೆಸರು ಕೇಳಿರುವ ಕಂಪನಿಗಳಿಗೇ ಹೋಗಿರುತ್ತವೆ ಅಂತ ನನ್ನ ಊಹೆ. ಅಲ್ಲಿ ಒಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿ ಬರುತ್ತೆ. ಮನುಷ್ಯರು ನೋಡುವ ಮೊದಲೇ ಸಾಫ್ಟ್‌ವೇರ್ ಜರಡಿ ಹಿಡಿಯುತ್ತೆ. ಐಟಿಯಲ್ಲೂ ನೇಮಕ ಇಳಿದಿತ್ತು. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್‌ನಲ್ಲಿ 13,249 ಜನ ಕಡಿಮೆಯಾದರು. ಅಲ್ಲಿಗೆ ಹೋಗಬೇಕಿದ್ದ ಎಂಜಿನಿಯರಿಂಗ್ ಮಕ್ಕಳಲ್ಲಿ ಎಷ್ಟೋ ಜನ ಈಗ ನೀವು ನಿಂತಿರುವ ಸಾಲಿನಲ್ಲೇ ಬಂದು ನಿಂತಿದ್ದಾರೆ. ಆ ಸಾಲಿನಲ್ಲೇ ನಿಂತಿರಬೇಡಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿಯಲ್ಲಿ ಮೂವತ್ತು, ಐವತ್ತು ಜನರ ಘಟಕಗಳು ಸಾಲುಸಾಲು ಇವೆ. ಅವರು ನೌಕ್ರಿಯಲ್ಲಿ ಜಾಹೀರಾತು ಹಾಕುವುದು ಕಮ್ಮಿ. ಗೊತ್ತಿದ್ದವರನ್ನು ಕೇಳುತ್ತಾರೆ, ಗೇಟಿಗೆ ಬೋರ್ಡ್ ತಗುಲಿಸುತ್ತಾರೆ. ಮಾಲೀಕರೇ ಇಂಟರ್‌ವ್ಯೂ ಮಾಡುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಅವತ್ತೇ ಹೌದು ಅಲ್ಲ ಹೇಳುತ್ತಾರೆ.

ಅದಕ್ಕಿಂತಲೂ ಒಳ್ಳೆಯದು ಆಡಿಟರ್ ಆಫೀಸ್. ಜುಲೈನಿಂದ ಅಕ್ಟೋಬರ್‌ವರೆಗೆ ರಿಟರ್ನ್, ಆಡಿಟ್ ಅಂತ ಅಲ್ಲಿ ಉಸಿರಾಡೋಕೆ ಟೈಮ್ ಇರುವುದಿಲ್ಲ. ಅದಕ್ಕೆ ಎರಡು ಮೂರು ತಿಂಗಳ ಮುಂಚೆ ಹೋಗಿ ಕೇಳಿದರೆ ಕೈಕೆಲಸಕ್ಕೆ ಜನ ಬೇಕೇ ಬೇಕು. ಸಂಬಳ ಕಮ್ಮಿ, ಅದು ನಿಜ. ಆದರೆ ಕಾರ್ಖಾನೆಯಲ್ಲಿ ಒಂದು ಕಂಪನಿಯ ಲೆಕ್ಕ ನೋಡಿದರೆ ಅಲ್ಲಿ ಮೂವತ್ತು ಪಾರ್ಟಿಗಳ ಲೆಕ್ಕ ನೋಡುತ್ತೀರಿ. ಅಲ್ಲಿ ಒಂದು ವರ್ಷ ಮಾಡಿ ಬಂದವರು ನನ್ನ ಮುಂದೆ ಕೂತರೆ ನಾನು ಜಾಸ್ತಿ ಪ್ರಶ್ನೆ ಕೇಳುತ್ತಿರಲಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅನುಭವ ಅಂದರೆ ಬೆಂಗಳೂರಿನದ್ದೇ ಆಗಬೇಕು ಅಂತ ಯಾರು ಹೇಳಿದರು? ನಿಮ್ಮ ಜಿಲ್ಲೆಯಲ್ಲೇ ಬ್ಯಾಡಗಿ ಇದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲ ರಾಶಿ ಬೀಳುವ ಆ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಗಳಿಗೆ, ಕೋಲ್ಡ್ ಸ್ಟೋರೇಜ್‌ಗಳಿಗೆ ಲೆಕ್ಕ ಬರೆಯುವವರು ಬೇಕು. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳಿವೆ. ಪಿ.ಜಿ. ಬಾಡಿಗೆ, ಓಡಾಟ ಅಂತ ತಿಂಗಳಿಗೆ ಹತ್ತು ಸಾವಿರ ಕರಗುವುದು ತಪ್ಪುತ್ತೆ. ಮನೆಯಿಂದ ಓಡಾಡಿಕೊಂಡು ಎಂಟು ತಿಂಗಳು ಅಲ್ಲಿ ಮಾಡಿದರೆ, ಬೆಂಗಳೂರಿಗೆ ಮತ್ತೆ ಬರುವಾಗ ‘ಸೀಸನ್‌ನಲ್ಲಿ ದಿನಕ್ಕೆ ಇಷ್ಟು ಬಿಲ್ ಮಾಡುತ್ತಿದ್ದೆ’ ಅಂತ ಹೇಳಬಹುದು. ವಾಪಸ್ ಹೋಗುವುದನ್ನು ಸೋಲು ಅಂದುಕೊಂಡಿದ್ದೀರಿ, ನಿಮ್ಮ ಪತ್ರದಲ್ಲೇ ಅದು ಕಾಣುತ್ತೆ. ಸುಮ್ನೆ ಮನೆಯಲ್ಲಿ ಕೂರೋಕೆ ಹೋಗಬೇಡಿ. ಕೆಲಸಕ್ಕೆ ಹೋಗುವುದಾದರೆ ಹೋಗಿ.

ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ತೆಗೆದುಕೊಂಡು ಕೆಲಸ ಕಲಿಯುವುದು, ಅದರ ಕಡೆಗೂ ನೋಡಿ. ಅದು ಐಟಿಐ ಮಕ್ಕಳಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಆದವರಿಗೂ ಬಾಗಿಲು ತೆರೆದಿದೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು, ದುಡ್ಡು ಕಟ್ಟುವ ಹಾಗಿಲ್ಲ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಗೊತ್ತು ಮಾಡಿದರು. ಬ್ಯಾಂಕುಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ. ಕೆನರಾ ಬ್ಯಾಂಕ್ 2024ರಲ್ಲಿ 3,000 ಅಪ್ರೆಂಟಿಸ್‌ಗಳನ್ನು ಕರೆದಾಗ ತಿಂಗಳಿಗೆ 15,000 ಇತ್ತು. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರೆ ಅಂತ ಭರವಸೆ ಇಲ್ಲ, ಅದನ್ನು ತಿಳಿದೇ ಸೇರಿ. ಆದರೆ ಕೈಯಲ್ಲಿ ಸರ್ಕಾರದ ಸರ್ಟಿಫಿಕೇಟ್ ಇರುತ್ತೆ, ‘ಅನುಭವ ಇಲ್ವಲ್ಲ’ ಅನ್ನೋಕೆ ಯಾರಿಗೂ ಬಾಯಿ ಬರುವುದಿಲ್ಲ.

ಯುವನಿಧಿಗೆ ಅರ್ಜಿ ಹಾಕಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿಯಲ್ಲಿ ದುಡ್ಡು ಕೊಡಲು ಶುರು ಮಾಡಿದರು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಓದು ಮುಂದುವರಿಸುವವರಿಗೆ, ಅಪ್ರೆಂಟಿಸ್ ಸ್ಟೈಪೆಂಡ್ ತೆಗೆದುಕೊಳ್ಳುವವರಿಗೆ ಸಿಗುವುದಿಲ್ಲ. ನಿಮಗೆ ಅರ್ಹತೆ ಇದ್ದರೆ ತೆಗೆದುಕೊಳ್ಳಿ, ಅದರಲ್ಲಿ ಮುಜುಗರ ಏನೂ ಇಲ್ಲ. ಬಸ್ಸಿಗೆ, ಪ್ರಿಂಟ್‌ಔಟ್‌ಗೆ ಆದರೂ ಅಪ್ಪನ ಹತ್ತಿರ ಕೇಳುವುದು ತಪ್ಪುತ್ತೆ.

ರೆಸ್ಯೂಮೆ ಒಂದೇ ಪುಟ ಸಾಕು. ಮೇಲೆ ಬರೆದಿರುವ ‘ಸವಾಲಿನ ವಾತಾವರಣದಲ್ಲಿ ಕೆಲಸ ಮಾಡುವ ಗುರಿ’ ಅನ್ನುವ ಸಾಲು ತೆಗೆದುಹಾಕಿ. ಎಲ್ಲರ ರೆಸ್ಯೂಮೆಯಲ್ಲೂ ಇರುವ ಸಾಲು ಅದು, ಯಾರೂ ಓದುವುದಿಲ್ಲ. ಆ ಜಾಗದಲ್ಲಿ ನೀವು ಮಾಡಿದ್ದನ್ನು ಬರೆಯಿರಿ: ‘ಒಂದು ಹಾರ್ಡ್‌ವೇರ್ ಅಂಗಡಿಯ ಒಂದು ತಿಂಗಳ 140 ಬಿಲ್ ಟ್ಯಾಲಿಯಲ್ಲಿ ಎಂಟ್ರಿ ಮಾಡಿ, ಬ್ಯಾಂಕ್ ಲೆಕ್ಕದ ಜೊತೆ ತಾಳೆ ಮಾಡಿದ್ದೇನೆ.’ ಎಷ್ಟು ಬಿಲ್ ಮಾಡಿದ್ದೀರೋ ಅಷ್ಟನ್ನೇ ಬರೆಯಿರಿ. ಅಂಗಡಿಯ ಹೆಸರು, ವಹಿವಾಟಿನ ಮೊತ್ತ ಬರೆಯಬೇಡಿ. ಬೇರೆಯವರ ಲೆಕ್ಕ ಹೊರಗೆ ಹೇಳುವವರನ್ನು ಅಕೌಂಟ್ಸ್‌ಗೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಬಗ್ಗೆ ಭಯ ಇದ್ದರೆ ಮಾತಿಗಿಂತ ಮೊದಲು ಮೇಲ್ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಬಾಕಿ ಕೇಳುವ ಒಂದು ಮೇಲ್, ಬಿಲ್ ತಪ್ಪಿದೆ ಅಂತ ತಿಳಿಸುವ ಒಂದು ಮೇಲ್. ಈ ಎರಡು ನಾಲ್ಕು ಸಾಲಿನಲ್ಲಿ ತಪ್ಪಿಲ್ಲದೆ ಬರೆಯಲು ಬಂದರೆ ಸಣ್ಣ ಆಫೀಸಿಗೆ ಬೇಕಾದಷ್ಟಾಯಿತು.

ಸಂಬಳದ ಮಾತು ಬಂದಾಗ ಸಿಟಿಸಿ ಕೇಳಿ ಮೋಸ ಹೋಗಬೇಡಿ, ಅದು ಕಂಪನಿಗೆ ನಿಮ್ಮ ಮೇಲೆ ಬೀಳುವ ಒಟ್ಟು ಖರ್ಚು. ತಿಂಗಳಿಗೆ 20,000 ಸಿಟಿಸಿ ಅಂದರೆ ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಇಎಸ್‌ಐ ಕೂಡ ಸೇರಿರಬಹುದು. ಆಮೇಲೆ ನಿಮ್ಮ ಪಾಲಿನ ಪಿಎಫ್ ಕಳೆದು ಕೈಗೆ ಬರುವುದು 15,500ರ ಆಸುಪಾಸು. ‘ಕೈಗೆ ಎಷ್ಟು ಬರುತ್ತೆ ಸರ್’ ಅಂತ ನೇರವಾಗಿ ಕೇಳಿ, ತಪ್ಪಿಲ್ಲ. ಪಿಎಫ್ ಹಿಡಿಯುತ್ತಾರೆ ಅಂತ ಬೇಜಾರು ಬೇಡ. ಪಿಎಫ್ ಖಾತೆಗೆ ಕೊಡುವ ಯುಎಎನ್ ನಂಬರೇ ನಾಳೆ ನಿಮ್ಮ ಅನುಭವಕ್ಕೆ ಸಾಕ್ಷಿ. ಮುಂದಿನ ಕಂಪನಿಯವರು ಅದನ್ನೇ ನೋಡುತ್ತಾರೆ. ತೀರಾ ಸಣ್ಣ ಆಫೀಸಿನಲ್ಲಿ ಪಿಎಫ್ ಇರದೆ ಇರಬಹುದು. ಹಾಗಿದ್ದರೆ ಸಂಬಳ ಬ್ಯಾಂಕಿಗೇ ಹಾಕಿ ಅನ್ನಿ, ಸೇರಿದ ದಿನವೇ ಒಂದು ಪತ್ರ ತೆಗೆದುಕೊಳ್ಳಿ. ಕ್ಯಾಶ್‌ನಲ್ಲಿ ಸಂಬಳ ತೆಗೆದುಕೊಂಡು ಎರಡು ವರ್ಷ ದುಡಿದು, ಆಮೇಲೆ ತೋರಿಸಲು ಒಂದು ಹಾಳೆಯೂ ಇಲ್ಲದೆ ಮತ್ತೆ ಫ್ರೆಶರ್ ಆಗಿ ನಿಂತವರನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ.

ಎಂ.ಕಾಂ. ಬಗ್ಗೆ: ಪಾಠ ಮಾಡುವ ಆಸೆ ಇದ್ದರೆ, ಕಾಲೇಜು ಮೇಷ್ಟ್ರ ಕೆಲಸಕ್ಕೆ ಬೇಕಾಗುವ ನೆಟ್ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಮಾಡಿ. ಕೆಲಸ ಸಿಗಲಿಲ್ಲ ಅಂತ ಮಾಡಬೇಡಿ. ಎರಡು ವರ್ಷ ಆದ ಮೇಲೆ ಇದೇ ಬಾಗಿಲಿಗೆ ಬರುತ್ತೀರಿ, ಆಗಲೂ ಅನುಭವ ಇರುವುದಿಲ್ಲ.

ಧಾರವಾಡದ ವಿಷಯ ಅಷ್ಟು ಸುಲಭವಾಗಿ ಹೇಳಿ ಮುಗಿಸಲು ಆಗಲ್ಲ. ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳಲ್ಲಿ, ರೀಡಿಂಗ್ ರೂಮುಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಓದುವ ಮಕ್ಕಳ ಶ್ರದ್ಧೆಗೆ ನಾನು ಕೈ ಮುಗಿಯುತ್ತೇನೆ. ಆದರೆ ನೇಮಕಾತಿ ಯಾವಾಗ ಆಗುತ್ತೆ ಅನ್ನೋದು ಓದುವವರ ಕೈಯಲ್ಲಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ವರದಿ ಬರುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ರಾಜ್ಯ ಸಂಪುಟ ತೀರ್ಮಾನಿಸಿತು. ವರದಿ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ದಿನವೂ ಮಕ್ಕಳು ರೂಮ್ ಬಾಡಿಗೆ ಕಟ್ಟಿ ಕಾದರು. ನಿಮಗೆ ನಿಜವಾಗಿಯೂ ಸರ್ಕಾರಿ ಕೆಲಸದ ಆಸೆ ಇದ್ದರೆ ಓದಿ, ಆದರೆ ಕೆಲಸ ಮಾಡಿಕೊಂಡು ಓದಿ. ಬ್ಯಾಂಕ್ ಪರೀಕ್ಷೆಗಳಿಗೆ ನಿಮ್ಮ ಬಿ.ಕಾಂ. ಅನುಕೂಲ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಬೆಳಿಗ್ಗೆ ಎರಡು ಗಂಟೆ ಅದಕ್ಕೆ ಇಡಿ. ಪೂರ್ತಿ ಎರಡು ವರ್ಷ ಎಲ್ಲ ಬಿಟ್ಟು ಕೂರುವ ಶಕ್ತಿ ಮನೆಗೆ ಇದೆಯಾ ಅನ್ನೋದನ್ನು ಅಪ್ಪನ ಜೊತೆ ಬಾಯಿ ಬಿಟ್ಟು ಮಾತಾಡದೆ ಆ ದಾರಿ ಹಿಡಿಯಬೇಡಿ.

ನಿಮ್ಮಲ್ಲೇ ಏನೋ ಕೊರತೆ ಇದೆ ಅಂತ ಅನಿಸುತ್ತಿದೆ ಅಲ್ವಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರ ಮಾರ್ಚ್‌ನಲ್ಲಿ ಭಾರತದ ಉದ್ಯೋಗದ ಬಗ್ಗೆ ಒಂದು ವರದಿ ತಂದಿತು. 2022ರಲ್ಲಿ ಪದವಿ ಓದಿದ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಓದದವರು ಸುಖವಾಗಿದ್ದಾರೆ ಅಂತ ಅಲ್ಲ. ಅವರಿಗೆ ಒಳ್ಳೆಯ ಕೆಲಸಕ್ಕೆ ಕಾಯುವಷ್ಟು ಅನುಕೂಲ ಇಲ್ಲ, ಸಿಕ್ಕಿದ್ದಕ್ಕೆ ಹೋಗುತ್ತಾರೆ. ಓದಿದವರಿಗೆ ತಕ್ಕ ಕೆಲಸ ಈ ದೇಶದಲ್ಲಿ ಸಾಲುತ್ತಿಲ್ಲ. ಅದರ ಹೊಣೆ ನಿಮ್ಮ ಶೇ 74ರ ಮೇಲೆ ಹೊರಿಸಿಕೊಳ್ಳಬೇಡಿ.

ಕೊನೆಗೆ ಅಪ್ಪನ ಫೋನ್. ಅವರು ಕೇಳದೆ ಇರುವುದು ನಿಮಗೆ ನೋವಾಗಬಾರದು ಅಂತ. ನೀವು ಹೇಳದೆ ಇರುವುದು ಅವರಿಗೆ ನೋವಾಗಬಾರದು ಅಂತ. ಹೀಗೆ ದಿನಾ ಇಬ್ಬರೂ ಊಟದ ಮಾತಾಡಿ ಫೋನ್ ಇಡುತ್ತೀರಿ. ಇವತ್ತು ನೀವೇ ಮಾತು ತೆಗೆಯಿರಿ. ಮೆಕ್ಕೆಜೋಳ ಮಾರಿದಾಗ ಮಂಡಿಯಲ್ಲಿ ಕೊಟ್ಟ ಪಟ್ಟಿ ಇಟ್ಟಿದ್ದಾರಾ ಕೇಳಿ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಹಿಡಿದರು ಅಂತ ಅದರಲ್ಲಿ ಇರುತ್ತೆ. ಫೋಟೊ ತೆಗೆದು ಕಳಿಸಲು ಹೇಳಿ. ಲೆಕ್ಕ ಕಲಿಯೋಕೆ ಬೇಕು ಅನ್ನಿ. ಟ್ಯಾಲಿಯಲ್ಲಿ ನೀವು ಹಾಕುವ ಮೊದಲ ಎಂಟ್ರಿ ಅದೇ ಆಗಲಿ. ಹಾಕಿದ ಮೇಲೆ ಲೆಕ್ಕ ಸರಿ ಇದೆಯಾ ಅಂತ ಅವರನ್ನೇ ಕೇಳಿ, ಅವರಿಗೆ ಬಾಯಲ್ಲೇ ಇರುತ್ತೆ.